ಪ್ರಯಾಣದ ಕಾರಣ

ನಾನು ಕೇಳುವ ಮೊದಲೇ ಅಂಗಡಿಯವನು ಗೋಣಿಯಿಂದ ಒಂದು ಹಿಡಿ ಅಕ್ಕಿ ಎತ್ತಿ ನನ್ನ ಬೊಗಸೆಗೆ ಸುರಿದ. ಗಿಡ್ಡ ಕಾಳು, ಮೈತುಂಬ ತವುಡಿನ ಕೆಂಪು, ನಡುನಡುವೆ ಸಿಪ್ಪೆ ಬಿಡದ ಒಂದೆರಡು ಭತ್ತ. ಕಣ್ಣು ಮುಚ್ಚಿ ಮೂಸಿದರೆ ಕುಂದಾಪುರದ ಸಂತೆ. ಕಣ್ಣು ಬಿಟ್ಟರೆ ಸೌದಿ ಅರೇಬಿಯಾದ ಹೊಫೂಫ್ ಪಟ್ಟಣದ ಕೈಸರಿಯಾ ಪೇಟೆ. 2024ರ ಜನವರಿ, ಹಿತವಾದ ಚಳಿ.

‘ಎಷ್ಟಂಬ್ರ್?’ ಎಂದು ಮಗಳನ್ನು ಕೇಳಿದೆ.

‘ಕಿಲೋಕ್ಕೆ ಐವತ್ತು ರಿಯಾಲ್ ಅಪ್ಪಯ್ಯ. ನಮ್ಮ್ ದುಡ್ಡಗೆ ಸಾವಿರದ ನೂರು. ಎಂತಕೆ? ಊರಗೆ ಕುಚ್ಚಲಕ್ಕಿ ಇಲ್ಯಾ?’

ಎರಡು ಕಿಲೋ ಕಟ್ಟಿಸು ಎಂದೆ. ಅಪ್ಪಯ್ಯನಿಗೆ ಬಿಸಿಲು ತಲೆಗೇರಿತೋ ಎಂಬಂತೆ ನನ್ನ ಮುಖ ನೋಡಿದಳು. ನಾನು ಈ ಪಟ್ಟಣದಲ್ಲಿ ಒಂಬತ್ತು ವರ್ಷ ಇದ್ದವ ಎಂಬುದು ಅವಳಿಗೆ ಗೊತ್ತು. ಆದರೆ ಈ ಅಕ್ಕಿಯ ವಿಚಾರವಾಗಲಿ, ಅದು ಬೆಳೆಯುವ ಗದ್ದೆಗೆ ನನ್ನನ್ನು ಕರೆದುಕೊಂಡು ಹೋದವರ ವಿಚಾರವಾಗಲಿ ಅವಳಿಗೆ ಎಂದೂ ಹೇಳಿರಲಿಲ್ಲ. ಅವಳಿಗೆ ಮಾತ್ರವಲ್ಲ, ಯಾರಿಗೂ ಹೇಳಿರಲಿಲ್ಲ. ಸೌದಿಯಲ್ಲಿ ಏನಿದೆ ಎಂದು ಕೇಳಿದವರಿಗೆಲ್ಲ ಮೂವತ್ತು ವರ್ಷ ನಾನು ಕೊಟ್ಟದ್ದು ಒಂದೇ ಉತ್ತರ: ‘ಅಲ್ಲಿ ಹೊಯ್ಗೆ ಬಿಟ್ಟರೆ ಎಂತದೂ ಇಲ್ಲ.’

ನಾನು ಹೋದದ್ದು 1983ರಲ್ಲಿ. ಆಗ ಬಜಪೆಯಿಂದ ಗಲ್ಫಿಗೆ ವಿಮಾನವಿರಲಿಲ್ಲ. ರಾತ್ರಿ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಬೇಕು, ಅಲ್ಲಿ ಊರವರೊಬ್ಬರ ಖೋಲಿಯಲ್ಲಿ ಚಾಪೆ ಹಾಸಿಕೊಂಡು ಏಜೆಂಟನ ಕರೆಗೆ ಕಾಯಬೇಕು, ಮೆಡಿಕಲ್ ಪಾಸಾಗಬೇಕು. ಅಮ್ಮನ ಎರಡು ಬಳೆ ಬ್ಯಾಂಕಿನಲ್ಲಿತ್ತು. ದಹರಾನಿನಲ್ಲಿ ಇಳಿದವರನ್ನು ಒಂದು ಬಸ್ಸು ತುಂಬಿಕೊಂಡು ರಾತ್ರೋರಾತ್ರಿ ಹೊಫೂಫಿಗೆ ತಂದಿತು. ಕಿಟಕಿಯಾಚೆ ಕತ್ತಲೆ, ದೂರದಲ್ಲಿ ತೈಲಬಾವಿಗಳ ಅನಿಲ ಉರಿಯುವ ಜ್ವಾಲೆ. ಜಗತ್ತಿನ ಅತಿದೊಡ್ಡ ತೈಲಕ್ಷೇತ್ರವಾದ ಘವಾರಿನ ಬದಿಯಲ್ಲೇ ನಮ್ಮ ಬಸ್ಸು ಓಡುತ್ತಿತ್ತು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕಾಲುವೆ, ಪಂಪುಗಳ ದುರಸ್ತಿಯ ಗುತ್ತಿಗೆ ಹಿಡಿದ ಒಂದು ಕಂಪನಿ. ಅಲ್ಲಿ ನಾನು ಟೈಮ್‌ಕೀಪರ್. ಬೆಳಿಗ್ಗೆ ಕೆಲಸಕ್ಕೆ ಬಂದವರ ಹೆಸರಿನ ಮುಂದೆ ನೀಲಿ ಗೀಟು, ಬಾರದವರಿಗೆ ಕೆಂಪು ಪೆನ್ಸಿಲಿನಲ್ಲಿ ಆಬ್ಸೆಂಟ್. ತಿಂಗಳ ಕೊನೆಗೆ ಸಂಬಳದ ಪಟ್ಟಿ. ಇದರ ಜೊತೆಗೆ ಟೈಪಿಂಗ್ ಬಲ್ಲೆನೆಂದು ಇನ್ನೊಂದು ಕೆಲಸ ಗಂಟುಬಿತ್ತು: ಪ್ರಯಾಣದ ಪತ್ರ.

ಈಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಪಾಸ್‌ಪೋರ್ಟುಗಳೆಲ್ಲ ಕಂಪನಿಯ ಕಬ್ಬಿಣದ ಕಪಾಟಿನಲ್ಲಿ. ನಮ್ಮ ಕೈಯಲ್ಲಿ ಇರುತ್ತಿದ್ದದ್ದು ಇಕಾಮಾ ಎಂಬ ವಾಸದ ಪರವಾನಗಿಯ ಪುಟ್ಟ ಪುಸ್ತಕ, ಮುಸ್ಲಿಮರಿಗೆ ಹಸಿರು ರಟ್ಟು, ಉಳಿದವರಿಗೆ ಕಂದು. ಇದ್ದ ಊರು ಬಿಟ್ಟು ಇನ್ನೊಂದು ಊರಿಗೆ ಹೋಗಬೇಕಾದರೆ ಕಫೀಲನ, ಅಂದರೆ ನಮ್ಮನ್ನು ಕರೆಸಿಕೊಂಡ ಧಣಿಯ, ಮೊಹರಿರುವ ಪತ್ರ ಬೇಕು. ಹೆಸರು, ಇಕಾಮಾ ನಂಬರು, ಎಲ್ಲಿಗೆ, ಎಷ್ಟು ದಿನ, ಕಾರಣ. ಇಂಗ್ಲಿಷಿನಲ್ಲಿ ನಾನು ಕರಡು ಮಾಡುತ್ತಿದ್ದೆ, ಪಕ್ಕದ ಮೇಜಿನ ಸೂಡಾನಿನವನು ಅದನ್ನು ಅರಬ್ಬಿಗೆ ತಿರುಗಿಸುತ್ತಿದ್ದ. ಕಾರಣದ ಜಾಗದಲ್ಲಿ ನಡೆಯುತ್ತಿದ್ದ ಪದಗಳು ನಾಲ್ಕೇ: ಕೆಲಸ, ಆಸ್ಪತ್ರೆ, ರಾಯಭಾರ ಕಚೇರಿ, ಉಮ್ರಾ. ‘ನೋಡಲಿಕ್ಕೆ’ ಎಂಬ ಕಾರಣವೊಂದು ಇರಬಹುದು ಎಂದು ನಮಗಾರಿಗೂ ಹೊಳೆದಿರಲಿಲ್ಲ.

ಒಮ್ಮೆ ಮಾತ್ರ ಆ ಕಾರಣವನ್ನೂ ಟೈಪ್ ಮಾಡಿದೆ. ಬ್ರಿಟಿಷ್ ಇಂಜಿನಿಯರನೊಬ್ಬ ಮದಾಇನ್ ಸಾಲಿಹ್‌ಗೆ ಹೊರಟಿದ್ದ. ಅದಕ್ಕೆ ಪ್ರಾಚ್ಯವಸ್ತು ಇಲಾಖೆಯ ಅನುಮತಿ ಬೇರೆ ಬೇಕಿತ್ತು, ಅದನ್ನೂ ತರಿಸಿಕೊಂಡ. ತಿರುಗಿ ಬಂದವನು ಫೋಟೋಗಳನ್ನು ತೋರಿಸಿದ. ನಬಾತಿಯರು ಎರಡು ಸಾವಿರ ವರ್ಷದ ಹಿಂದೆ ಬಂಡೆಯನ್ನೇ ಕೊರೆದು ಮಾಡಿದ ಸಮಾಧಿಗಳು; ಮರುಭೂಮಿಯ ನಡುವೆ ಒಂಟಿ ಬಂಡೆ, ಅದರ ಮುಖದಲ್ಲಿ ಅರಮನೆಯ ಬಾಗಿಲು. ಶಾಲೆಯ ಪ್ರವಾಸದಲ್ಲಿ ನೋಡಿದ ಬಾದಾಮಿ ನೆನಪಾಯಿತು. ಅಂಥ 111 ಸಮಾಧಿಗಳು ಅಲ್ಲಿವೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸೌದಿಯ ಮೊದಲ ತಾಣ ಅದೇ. ಫೋಟೋ ವಾಪಸು ಕೊಡುವಾಗ ನನಗೆ ಸಿಟ್ಟೂ ಬರಲಿಲ್ಲ, ಆಸೆಯೂ ಆಗಲಿಲ್ಲ. ಅದು ಅವರ ಕೆಲಸ, ನಮ್ಮದಲ್ಲ ಎಂದುಕೊಂಡೆ. ಇಂದು ಆ ಸಮಾಧಾನ ನೆನೆದರೆ ನನಗೇ ಕಸಿವಿಸಿಯಾಗುತ್ತದೆ.

ನಮ್ಮ ಪಿಕಪ್ಪಿನ ಡ್ರೈವರ್ ಕಾಸರಗೋಡಿನ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರು, ಕನ್ನಡ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವರು. ನಾವೆಲ್ಲ ಅವರನ್ನು ‘ಕಾಕ’ ಎನ್ನುತ್ತಿದ್ದೆವು. ಕ್ಯಾಂಪಿನವರಿಗೆಲ್ಲ ಕಾಗದ ಬರೆದುಕೊಡುತ್ತಿದ್ದ ನನ್ನನ್ನು ಅವರು ‘ಮಾಷ್ಟ್ರೇ’ ಎನ್ನುತ್ತಿದ್ದರು. ಶುಕ್ರವಾರ ರಜೆ. ಉಳಿದವರು ಬಟ್ಟೆ ಒಗೆದು, ಊರಿನಿಂದ ಬಂದ ಕ್ಯಾಸೆಟ್ಟಿನಲ್ಲಿ ಹೆಂಡತಿ ಮಕ್ಕಳ ದನಿ ಕೇಳಿ ಮಲಗಿದರೆ, ಕಾಕ ಜುಮ್ಮಾ ಮುಗಿಸಿ ಬಂದು ನನ್ನ ಮಂಚದ ಕಾಲಿಗೆ ಒದೆಯುತ್ತಿದ್ದರು. ‘ಏಳಿ ಮಾಷ್ಟ್ರೇ, ಹೀಗೆ ಮಲಗಿದರೆ ಬೆನ್ನಿಗೆ ಬೇರು ಬರ್ತದೆ.’

ಹೊಫೂಫ್ ಇರುವುದು ಅಲ್ ಅಹ್ಸಾ ಎಂಬ ಓಯಸಿಸ್ಸಿನಲ್ಲಿ. ಓಯಸಿಸ್ ಎಂದರೆ ಪಠ್ಯಪುಸ್ತಕದ ಚಿತ್ರ ನನ್ನ ತಲೆಯಲ್ಲಿತ್ತು: ನಾಲ್ಕು ಖರ್ಜೂರದ ಮರ, ಒಂದು ಕೊಳ, ಒಂದು ಒಂಟೆ. ಇಲ್ಲಿ ಮರಗಳೇ 25 ಲಕ್ಷ. ಮರದಡಿಯ ನೆರಳಿನಲ್ಲಿ ನಿಂಬೆ, ದಾಳಿಂಬೆ, ತರಕಾರಿ. ನಮ್ಮ ಅಡಿಕೆ ತೋಟದ ಹಾಗೆಯೇ ಒಂದರ ಕೆಳಗೊಂದು. ಹಿಂದೆ ನೂರಾರು ಒರತೆಗಳು ತಾವಾಗಿಯೇ ಉಕ್ಕಿ ಹರಿಯುತ್ತಿದ್ದವಂತೆ. 1971ರ ಹೊತ್ತಿಗೆ ಸರಕಾರ ಮಣ್ಣಿನ ತೋಡುಗಳ ಜಾಗದಲ್ಲಿ ಕಾಂಕ್ರೀಟಿನ ಕಾಲುವೆ ಕಟ್ಟಿಸಿತು. ನಾನು ಹೋಗುವಾಗ ಒರತೆಗಳ ಉಕ್ಕು ಇಳಿಯುತ್ತಿತ್ತು, ಪಂಪುಗಳ ಸದ್ದು ಏರುತ್ತಿತ್ತು. ನಮ್ಮ ಅನ್ನ ಹುಟ್ಟುತ್ತಿದ್ದದ್ದೇ ಆ ಪಂಪುಗಳು ಕೆಡುವುದರಿಂದ.

ಕಾರಾ ಗುಡ್ಡಕ್ಕೆ ಮೊದಲು ಕರೆದುಕೊಂಡು ಹೋದವರು ಕಾಕ. ಹೊರಗೆ ಜುಲೈಯ ಬೆಂಕಿ, ಬಂಡೆಗಳ ನಡುವಿನ ಸೀಳಿನಲ್ಲಿ ಹತ್ತು ಹೆಜ್ಜೆ ಒಳಹೊಕ್ಕರೆ ಬಾವಿಯೊಳಗಿನ ತಂಪು. ಗಾಳಿ ಮತ್ತು ನೀರು ಕೊರೆದ ಗೋಡೆಗಳು ಎರಡೂ ಕಡೆ ಆಕಾಶದವರೆಗೆ. ಸುತ್ತಲಿನ ಹಳ್ಳಿಯ ಮುದುಕರು ಚಾಪೆ, ಚಹಾದ ಕಿತ್ತಲಿ ತಂದು ಅಲ್ಲೇ ಮಧ್ಯಾಹ್ನ ಕಳೆಯುತ್ತಿದ್ದರು. ಗುಡ್ಡದ ಬುಡದಲ್ಲಿ ಕುಂಬಾರರ ಆವಿಗೆ. ಕಾಲಿನಲ್ಲಿ ತಿಗರಿ ತಿರುಗಿಸುತ್ತ ಹೂಜಿ ಎತ್ತುತ್ತಿದ್ದ ಒಬ್ಬ ಮುದುಕ. ಉಮ್ ಸಬಾ ಎಂಬ ಬಿಸಿನೀರಿನ ಒರತೆಯಲ್ಲಿ ಮಿಂದೆವು. ಏಳು ತೋಡಾಗಿ ಹರಿಯುತ್ತಿದ್ದುದರಿಂದ ಅದು ‘ಏಳರ ತಾಯಿ’. ಪೇಟೆಯ ಓಣಿಯಲ್ಲಿ ಖರ್ಜೂರ ಕಲಸಿದ ಹಿಟ್ಟಿನ ಕೆಂಪು ರೊಟ್ಟಿ. ಒಣಗಿದ ಖರ್ಜೂರದ ಗರಿ ಉರಿಸಿದ ಒಲೆಯ ಗೋಡೆಗೆ ಬಡಿದು ಸುಡುತ್ತಿದ್ದರು. ಬಿಸಿಯಿರುವಾಗಲೇ ಮುರಿದು, ಲಬನ್ ಎಂಬ ಮಜ್ಜಿಗೆಯ ಜೊತೆ ತಿಂದರೆ ರಾತ್ರಿಯ ಊಟ ಬೇಡ. ಮೀನಿನ ಅಂಗಡಿಯಲ್ಲಿ ‘ಕನ್‌ಅದ್’ ಎಂದು ಮಾರುತ್ತಿದ್ದದ್ದು ನಮ್ಮ ಅಂಜಲ್.

ಗದ್ದೆ ಕಂಡದ್ದು 1985ರ ಅಕ್ಟೋಬರಿನಲ್ಲಿ. ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಪಿಕಪ್ಪು ಹೋಗುತ್ತಿತ್ತು. ಎಡಕ್ಕೆ ತಿರುಗಿ ನೋಡಿದರೆ ಖರ್ಜೂರದ ಮರಗಳ ಸಾಲಿನಾಚೆ ತೆನೆ ಬಗ್ಗಿದ ಭತ್ತ. ‘ನಿಲ್ಲಿಸಿ ಕಾಕ’ ಎಂದು ಕೂಗಿದ್ದು ಅವರಿಗೆ ಅಪಘಾತವಾಯಿತೇನೋ ಎನಿಸುವಷ್ಟು ಜೋರಾಗಿತ್ತು. ಇಳಿದು ಅಂಚಿನ ಮೇಲೆ ಓಡಿದೆ. ಕಾಲಿನಡಿ ಕೆಸರು. ಮೂಗಿಗೆ ಗದ್ದೆಯ ವಾಸನೆ. ಒಂದು ತೆನೆ ಎಳೆದು ಉಗುರಿನಿಂದ ಸುಲಿದೆ, ಒಳಗೆ ಕೆಂಪು.

ಗದ್ದೆಯ ಯಜಮಾನ ದಿಶ್ದಾಶಾ ಎಂಬ ಉದ್ದಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕತ್ತಿ ಹಿಡಿದು ನಿಂತಿದ್ದ. ನಮ್ಮಲ್ಲಿ ಮುಂಡು ಎತ್ತಿಕಟ್ಟುವಂತೆಯೇ. ಕಾಕ ಅರಬ್ಬಿಯಲ್ಲಿ ಮಾತಾಡಿದರು. ಈ ಹುಡುಗ ಹಿಂದಿ, ಅಂದರೆ ಭಾರತದವನು, ಅವನ ಮನೆಯಲ್ಲೂ ಇದೇ ಬೆಳೆ. ಮುದುಕ ನಂಬಲಿಲ್ಲ. ನಾನು ಅವನ ಕೈಯಿಂದ ಕತ್ತಿ ತೆಗೆದುಕೊಂಡು ನಾಲ್ಕು ಹಿಡಿ ಕೊಯ್ದು ಸೂಡಿ ಕಟ್ಟಿ ತೋರಿಸಿದೆ. ಆಗ ನಕ್ಕ. ಬೇಸಿಗೆಯಲ್ಲಿ ಅಗೆ ಹಾಕಿ, ಸುಡುವ ಬಿಸಿಲಿನಲ್ಲೇ ನೆಟ್ಟು, ಮಳೆಗಾಲದಲ್ಲಿ ನಾಟಿಗೆ ನಾವು ಆಕಾಶ ನೋಡುವಂತೆ ಅವರು ಕಾಲುವೆಯ ಸರದಿ ನೋಡುತ್ತ ಬೆಳೆಸುವ ಅಕ್ಕಿ. ಬಾಣಂತಿಯರಿಗೆ ಕೊಡುತ್ತಾರಂತೆ. ಅದಕ್ಕೆ ಅಲ್ಲಿನವರ ಹೆಸರು ‘ಐಶ್ ಹಸಾವಿ’. ‘ಐಶ್ ಅಂದರೆ ಬದುಕು ಮಾಷ್ಟ್ರೇ’ ಎಂದರು ಕಾಕ, ‘ಇಲ್ಲಿ ಅನ್ನಕ್ಕೂ ಅದೇ ಶಬ್ದ.’

ಅಂದು ಅವನ ಮನೆಯ ಹಜಾರದಲ್ಲಿ ಉಂಡೆವು. ನೆಲಕ್ಕೆ ಹಾಸಿದ ಸುಫ್ರಾ, ನಡುವೆ ಒಂದೇ ದೊಡ್ಡ ಹರಿವಾಣ, ಅದರಲ್ಲಿ ಕೆಂಪನ್ನ, ಒಣ ಸಿಗಡಿ, ಒಣಗಿಸಿದ ಕಪ್ಪು ನಿಂಬೆಯ ಹುಳಿ. ಒಣ ಚಟ್ಲಿಯ ವಾಸನೆ ಮೂಗಿಗೆ ಬಡಿದದ್ದೇ ನನಗೆ ತುತ್ತು ಗಂಟಲಿನಲ್ಲಿ ನಿಂತಿತು. ಕಾಕ ನೋಡಿದರು, ಮಾತಾಡಲಿಲ್ಲ, ನನ್ನ ಕಡೆಯ ಅನ್ನಕ್ಕೆ ಇನ್ನಷ್ಟು ಸಿಗಡಿ ತಳ್ಳಿದರು.

ಇನ್ನೊಂದು ಶುಕ್ರವಾರದ ಕತೆ ಹೇಳುವುದು ಕಷ್ಟ. ಆದರೆ ಅದನ್ನು ಬಿಟ್ಟು ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ಕಡಲ ದಡದಲ್ಲಿ ಹುಟ್ಟಿದವನಿಗೆ ಐದು ವರ್ಷ ಸಮುದ್ರ ಕಾಣದೆ ಹೋದರೆ ಒಂದು ಬಗೆಯ ಬಾಯಾರಿಕೆಯಾಗುತ್ತದೆ. 1986ರ ಕೊನೆಗೆ ಬಹರೇನಿಗೆ ಸಮುದ್ರದ ಮೇಲೆ 25 ಕಿಲೋಮೀಟರಿನ ಸೇತುವೆ ತೆರೆಯಿತು, ಕ್ಯಾಂಪಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಮಗೆ ಪಾಸ್‌ಪೋರ್ಟೇ ಕೈಯಲ್ಲಿಲ್ಲ. ಹೊಫೂಫಿಗೆ ಹತ್ತಿರದ ಕಡಲೆಂದರೆ ಉಕೈರ್. ದಮ್ಮಾಮ್ ಬಂದರು ಬೆಳೆಯುವ ಮೊದಲು ಅಲ್ ಅಹ್ಸಾಕ್ಕೆ ಬೇಕಾದದ್ದೆಲ್ಲ ಇಳಿಯುತ್ತಿದ್ದದ್ದು ಅಲ್ಲಿ. ನಮ್ಮ ಕಡೆಯ ಅಕ್ಕಿ, ಬಟ್ಟೆ, ಸಾಂಬಾರ ಪದಾರ್ಥ ಬಹರೇನ್ ದಾಟಿ ಆ ಸುಂಕದ ಕಟ್ಟೆಗೆ ಬಂದು, ಅಲ್ಲಿಂದ ಒಂಟೆಯ ಬೆನ್ನೇರುತ್ತಿತ್ತು. ಹೋಗೋಣ ಎಂದು ಕಾಕನನ್ನು ಒಂದು ವರ್ಷ ಪೀಡಿಸಿದೆ. ‘ಪತ್ರ ಇಲ್ಲ ಮಾಷ್ಟ್ರೇ, ಆ ಕಡೆ ಕಾವಲು ಉಂಟು’ ಎಂದು ಅವರು ತಳ್ಳುತ್ತಲೇ ಬಂದರು. 1988ರ ಫೆಬ್ರವರಿಯ ಒಂದು ಶುಕ್ರವಾರ ಸೋತರು.

ಮರಳ ದಿಬ್ಬಗಳು ಮುಗಿದಲ್ಲಿ ನೀಲಿ. ಕುಸಿದ ಕೋಟೆ, ಕಮಾನುಗಳ ಉಗ್ರಾಣದ ಸಾಲು, ಒಬ್ಬ ಮನುಷ್ಯನಿಲ್ಲ. ಅಲೆಯೇ ಇಲ್ಲದ ಕಡಲು, ನಮ್ಮ ಕೋಡಿಯ ಕಡಲಿನ ಮುಂದೆ ಕೆರೆ. ಪ್ಯಾಂಟು ಮಡಚಿ ಇಳಿದೆ. ಕಾಕ ದಡದಲ್ಲಿ ಕೂತು ಬೀಡಿ ಹಚ್ಚಿದರು. ಅರ್ಧ ಗಂಟೆಯಾಗಿರಬಹುದು, ಕಾವಲಿನವರ ಜೀಪು ಬಂತು.

ನನ್ನನ್ನು ಅಂದು ರಾತ್ರಿಯೇ ಬಿಟ್ಟರು. ಗಾಡಿಯ ಕಾಗದ ಕಾಕನ ಹೆಸರಿನಲ್ಲಿದ್ದುದರಿಂದ ಅವರನ್ನು ಇಟ್ಟುಕೊಂಡರು. ಮ್ಯಾನೇಜರ್ ವಿಚಾರಿಸಿದಾಗ ಕಾಕ ಬಿಡುಗಡೆಯಾಗಿ ಬಂದು ನನ್ನ ಪಕ್ಕದಲ್ಲೇ ನಿಂತಿದ್ದರು. ‘ಅಲ್ಲಿಗೆ ಹೋಗಲು ಹೇಳಿದ್ದು ಯಾರು?’ ನಾನು ಹೇಳಿದೆ: ‘ಡ್ರೈವರ್ ಕರೆದರು, ಹೋದೆ.’ ಅಮ್ಮನ ಬಳೆ, ತಂಗಿಯ ಮದುವೆ, ಮುಗಿಯಲು ಬಂದ ನನ್ನ ಕರಾರು, ಎಲ್ಲವೂ ಆ ಒಂದು ಕ್ಷಣದಲ್ಲಿ ತಲೆಯಲ್ಲಿ ಹಾದದ್ದು ನಿಜ. ಅದರಿಂದ ಸುಳ್ಳು ಸತ್ಯವಾಗುವುದಿಲ್ಲ. ಅಷ್ಟು ಇಂಗ್ಲಿಷು ಕಾಕನಿಗೆ ಅರ್ಥವಾಗುತ್ತಿತ್ತು. ಅವರು ತುಟಿ ಬಿಚ್ಚಲಿಲ್ಲ. ಹದಿನೈದು ದಿನದ ಸಂಬಳ ಕಡಿತವಾಯಿತು. ಶುಕ್ರವಾರಗಳು ನಿಂತುಹೋದವು. ಎದುರು ಸಿಕ್ಕರೆ ‘ಊಟ ಆಯ್ತಾ ಮಾಷ್ಟ್ರೇ’ ಎನ್ನುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ.

ಮುಂದೆ ಓದಿ ತಿಳಿದದ್ದು: ಅದೇ ಉಕೈರಿನಲ್ಲಿ 1922ರಲ್ಲಿ ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್ ಒಂದು ಕೆಂಪು ಪೆನ್ಸಿಲ್ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆದು ಇರಾಕ್, ಕುವೈತ್, ನಜ್ದ್‌ಗಳ ಗಡಿ ಹಂಚಿದ. ಮುಂದೆ ಸೌದಿಯ ದೊರೆಯಾದ ಅಬ್ದುಲ್ ಅಜೀಜ್ ಎದುರಿಗೇ ಕೂತಿದ್ದರು. ಆ ಗೆರೆಗಳಲ್ಲೊಂದನ್ನು ಸದ್ದಾಂ ಹುಸೇನ್ 1990ರ ಆಗಸ್ಟಿನಲ್ಲಿ ಒರೆಸಹೊರಟ. ನಮ್ಮ ಕ್ಯಾಂಪಿನ ಕಿಟಕಿಗಳಿಗೆಲ್ಲ ಟೇಪು ಅಂಟಿತು. ಮರುವರ್ಷ ಕುವೈತಿನ ತೈಲಬಾವಿಗಳ ಹೊಗೆ ನಡುಹಗಲಲ್ಲೂ ಆಕಾಶವನ್ನು ಮಬ್ಬಾಗಿಸಿತು. ಯುದ್ಧ ಮುಗಿದ ಮೇಲೆ ಕಾಕ ಎಕ್ಸಿಟ್ ಹೊಡೆಸಿ ಊರಿಗೆ ಹೋದರು. ಅವರ ಕೊನೆಯ ಪ್ರಯಾಣದ ಪತ್ರವನ್ನೂ ನಾನೇ ಟೈಪ್ ಮಾಡಿದೆ. 1992ರಲ್ಲಿ ನಾನೂ ಬಂದೆ.

ಅಂಗಳದಲ್ಲಿ ಸೂಟ್‌ಕೇಸು ಇಳಿಸುವಾಗ ಅಮ್ಮ ಕೇಳಿದ್ದು: ‘ಅಲ್ಲ್ ಗದ್ದೆಗಿದ್ದೆ ಇತ್ತಾ ಮಗಾ?’ ‘ಹೊಯ್ಗೆ ಬಿಟ್ರೆ ಎಂತದೂ ಇಲ್ಲ ಅಮ್ಮ.’ ಗದ್ದೆಯೆಂದರೆ ಕಾಕ ಬರುತ್ತಾರೆ. ಕಾಕ ಬಂದರೆ ಆ ಮ್ಯಾನೇಜರನ ಕೋಣೆ ಬರುತ್ತದೆ. ಹೊಯ್ಗೆ ಸುಲಭ. ಮತ್ತೊಂದು ಲಾಭವೂ ಇತ್ತು: ಏನೂ ಇಲ್ಲದ ಜಾಗದಲ್ಲಿ ಒಂಬತ್ತು ವರ್ಷ ಕಳೆದೆ ಎಂದರೆ ಜನ ಅಯ್ಯೋ ಎನ್ನುತ್ತಾರೆ. ಆ ಅಯ್ಯೋವನ್ನು ನಾನು ಬಹಳ ಕಾಲ ಉಂಡೆ. ನೋಡಲು ನಮ್ಮನ್ನು ಬಿಡಲಿಲ್ಲ ಎಂಬುದು ಅರ್ಧ ನಿಜ. ನೋಡಿದ್ದನ್ನು ನಾನೇ ಮುಚ್ಚಿಟ್ಟೆ ಎಂಬುದು ಉಳಿದರ್ಧ.

ಈಗ ಮಗಳು, ಅಳಿಯ ಖೋಬರಿನಲ್ಲಿದ್ದಾರೆ. ಅಲ್ಲಿಂದ ಹೊಫೂಫಿಗೆ ನೂರೈವತ್ತು ಕಿಲೋಮೀಟರ್. ಕಾರು ಓಡಿಸಿದವಳು ಮಗಳು. ಹೆಂಗಸರು ಅಲ್ಲಿ ಸ್ಟಿಯರಿಂಗ್ ಹಿಡಿಯಲು 2018ರ ಜೂನ್ ಬರಬೇಕಾಯಿತು. ಅದೇ ವರ್ಷ ಅಲ್ ಅಹ್ಸಾ ಯುನೆಸ್ಕೊ ಪಟ್ಟಿಗೂ ಸೇರಿತು. ಚೆಕ್‌ಪೋಸ್ಟು ಹತ್ತಿರ ಬಂದಾಗ ನನ್ನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಯಾರೂ ಕೈ ಅಡ್ಡ ಹಿಡಿಯಲಿಲ್ಲ.

ನಾನು ಕಂಡಿದ್ದ ಕೈಸರಿಯಾ ಪೇಟೆ 2001ರಲ್ಲಿ ಬೆಂಕಿಗೆ ಆಹುತಿಯಾಗಿದೆ. ಈಗಿರುವುದು ಹಳೆಯ ಅಳತೆಯಲ್ಲಿ ಮತ್ತೆ ಕಟ್ಟಿದ್ದು. ಕಮಾನುಗಳು ಅವೇ, ಹೊಗೆಯ ಮಸಿ ಇಲ್ಲ. ಬಿಷ್ತ್ ಎಂಬ ನಿಲುವಂಗಿಗೆ ಜರಿ ಹೊಲಿಯುವವರು ಇನ್ನೂ ಕೂತಿದ್ದಾರೆ. ಆಗ ಹೊರಗಿನಿಂದಲೇ ನೋಡಿದ್ದ ಇಬ್ರಾಹಿಂ ಅರಮನೆಯ ಒಳಗೆ ನಿಂತೆ. 1913ರ ಒಂದು ರಾತ್ರಿ ಅಬ್ದುಲ್ ಅಜೀಜರ ಜನ ಗೋಡೆ ಹತ್ತಿ ಊರನ್ನು ಹಿಡಿದು, ತುರ್ಕರ ದಂಡನ್ನು ಇಲ್ಲಿಂದ ಹೊರಡಿಸಿದರು. ಕಾರಾ ಗುಡ್ಡಕ್ಕೆ ಈಗ ಟಿಕೆಟ್ಟು, ಸೀಳುಗಳಲ್ಲಿ ಬಣ್ಣದ ದೀಪ. ಚಾಪೆ ತಂದ ಮುದುಕರು ಕಾಣಲಿಲ್ಲ. ದೀಪದಡಿ ನೆಲ ಗುಡಿಸುತ್ತಿದ್ದ ಬಂಗಾಳಿ ಹುಡುಗನನ್ನು, ಉಮ್ ಸಬಾ ನೋಡಿದ್ದೀಯಾ ಎಂದು ಹಿಂದಿಯಲ್ಲಿ ಕೇಳಿದೆ. ‘ಎಲ್ಲಿ ಪುರುಸೊತ್ತು ಚಾಚಾ’ ಎಂದ. ನಾನು ಕಂಡಿದ್ದ ಗದ್ದೆಯ ಜಾಗ ಹುಡುಕಿದೆ, ಬಡಾವಣೆಯಾಗಿದೆ. ಅಕ್ಕಿ ಇನ್ನೂ ಬೆಳೆಯುತ್ತಾರೆ, ನೀರಿನ ಕೊರತೆಗೆ ಹೆದರಿ ಕಡಿಮೆ ಬೆಳೆಯುತ್ತಾರೆ. ಐವತ್ತು ರಿಯಾಲು ಅದಕ್ಕೇ.

ಸಂಜೆ ಉಕೈರಿಗೆ ಹೋದೆವು. ಒಳ್ಳೆಯ ರಸ್ತೆ, ದಡದಲ್ಲಿ ಮಾಂಸ ಸುಡುತ್ತ ಕೂತ ಸಂಸಾರಗಳು. ‘ಇಲ್ಲಿಗೆ ಎಂತಕೆ ಬಂದದ್ದ್ ಅಪ್ಪಯ್ಯ?’ ಎಂದಳು ಮಗಳು. ‘ನೋಡೂಕೆ’ ಎಂದೆ.

ಊರಿಗೆ ಬಂದ ಮೇಲೆ ಆ ಎರಡು ಕಿಲೋ ಹಿಡಿದುಕೊಂಡು ರೈಲು ಹತ್ತಿದೆ. ವಿಳಾಸ ಹುಡುಕಲು ಮೂರು ವಾರ ಹಿಡಿಯಿತು, ಧೈರ್ಯ ಬರಲು ಮೂವತ್ತಾರು ವರ್ಷ. ಕಾಕನಿಗೆ ಎಪ್ಪತ್ತೈದು ದಾಟಿದೆ. ಜಗಲಿಯ ಕುರ್ಚಿಯಲ್ಲಿದ್ದರು. ಒಂದು ಕಣ್ಣಿಗೆ ಪೊರೆ ಬಂದಿದೆ. ಕಟ್ಟು ಬಿಚ್ಚಿ ಅಕ್ಕಿಯನ್ನು ಅವರ ಅಂಗೈಗೆ ಹಾಕಿದೆ. ಮೂಸಿದರು. ‘ಐಶ್’ ಎಂದರು.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಹೇಳಿದೆ. ಉಕೈರಿಗೆ ಕರೆದವನು ನಾನು, ಹದಿನೈದು ದಿನದ ಸಂಬಳ ಕಳೆದುಕೊಂಡವರು ನೀವು.

ಕಾಕ ಅಕ್ಕಿಯೊಳಗಿನ ಒಂದು ಭತ್ತವನ್ನು ಹೆಕ್ಕಿ ಅಂಗಳಕ್ಕೆ ಎಸೆದರು.

‘ಹದಿನೈದು ಅಲ್ಲ ಮಾಷ್ಟ್ರೇ, ಹದಿನೇಳು. ನಾನು ಒಳಗೆ ಕೂತ ಎರಡು ದಿನಕ್ಕೆ ನೀವು ಆಬ್ಸೆಂಟ್ ಹಾಕಿದ್ದಿರಿ. ಕೆಂಪು ಪೆನ್ಸಿಲಿನಲ್ಲಿ.’

ಅದು ನನಗೆ ಮರೆತೇ ಹೋಗಿತ್ತು.

ಒಳಗೆ ತಿರುಗಿ ಸೊಸೆಯನ್ನು ಕರೆದು ಅಕ್ಕಿ ಕೊಟ್ಟರು. ‘ಊಟ ಮಾಡಿಕೊಂಡೇ ಹೋಗಬೇಕು’ ಎಂದರು. ಕೆಂಪಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ. ಕೂತೆ.